ಗೋಬ್ನೆಟ್ ತೊಡಿಸಿದ ಲಂಗ

ಗೋಬ್ನೆಟ್‌ಳಷ್ಟು ಪುಕ್ಕಲು ಹೆಂಗಸನ್ನು ನಾನು ಕಂಡಿಲ್ಲ. ಕೆರ್ರಿ ಸೀಮೆಯ ನಮ್ಮಿಬ್ಬರನ್ನೂ ಒಂದೇ ಹಡಗಿನಲ್ಲಿ ತಂದು ಭೂಮಿಯ ಇನ್ನೊಂದು ತುದಿಯ ಹೋಬರ್ಟಿನ ಹೆಂಗಸರ ಸೆರೆಮನೆಗೆ ತಳ್ಳಿದರು. ಅವಳು ಕದ್ದದ್ದು ಒಂದು ಕುರಿ, ನಾನು ಎರಡು ಕಂಬಳಿ. ಇಬ್ಬರಿಗೂ ಏಳೇಳು ವರ್ಷ ಸಜೆ. ಹಡಗಿನಲ್ಲೇ ಅವಳ ಇಬ್ಬರು ಗಂಡುಮಕ್ಕಳು ಜ್ವರ ಬಂದು ತೀರಿಕೊಂಡರು. ಜ್ವರವಲ್ಲ, ದಿಬ್ಬದವರು ಒಯ್ದರು ಎಂದು ಅವಳ ಹಟ. ದಿಬ್ಬದೊಳಗಿರುವ ಆ ಮಾಯದ ಜನಕ್ಕೆ ಗಂಡುಕೂಸೆಂದರೆ ಆಸೆ, ಹೆಣ್ಣನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೇ ನಮ್ಮೂರಲ್ಲಿ ಹುಡುಗರಿಗೂ ಲಂಗ ತೊಡಿಸಿ ಬೆಳೆಸುತ್ತೇವೆ.

ಹೊಟ್ಟೆಯಲ್ಲಿದ್ದ ಮೂರನೆಯದು ಸೆರೆಮನೆಯಲ್ಲಿ ಹುಟ್ಟಿತು. ಗಂಡು. ಹೆರಿಗೆ ಮಾಡಿಸಿದವಳು ನಾನೇ. ಗುಮಾಸ್ತ ಬಂದಾಗ ಅವಳು, "ಹೆಣ್ಣು ಸ್ವಾಮಿ, ನೋರಾ ಅಂತ ಬರ್ಕೊಳ್ಳಿ" ಎಂದಳು. ನಾನೂ ತಲೆಯಾಡಿಸಿದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ದಿಬ್ಬದವರು ಬರಲಿಲ್ಲ, ಸರಕಾರದವರು ಬಂದರು. ತಾಯಿ ಬದುಕಿದ್ದರೂ ಸರಿ, ಎರಡು ವರ್ಷ ತುಂಬಿದ ಮಕ್ಕಳನ್ನು ಅನಾಥಶಾಲೆಗೆ ಒಯ್ಯುವುದು ಅವರ ಪದ್ಧತಿ. ಲಂಗದಲ್ಲೇ ಮಗುವನ್ನು ಗಾಡಿಗೆ ಹತ್ತಿಸಿದರು.

ಆಮೇಲೆ ನಮ್ಮಿಬ್ಬರನ್ನೂ ಒಬ್ಬ ದೊರೆಯ ಮನೆಗೆಲಸಕ್ಕೆ ಹಾಕಿದರು. ನಾಲ್ಕು ವರ್ಷ ಅವಳು ಮಗುವನ್ನು ನೋಡಲು ಹೋಗಲಿಲ್ಲ. ಸುಳ್ಳು ಹೊರಬಿದ್ದರೆ ಮಗನನ್ನು ಎಂದಿಗೂ ಕೊಡುವುದಿಲ್ಲವೆಂಬ ಭಯ.

"ಸ್ನಾನ ಮಾಡ್ಸುವಾಗ ಗೊತ್ತಾಗಿರತ್ತೆ ಅಲ್ವೇನೇ ಪೆಗ್? ಏನು ಮಾಡಿರ್ತಾರೆ?" ಎಂದು ನನ್ನನ್ನು ಕೇಳುವಳು.

"ಚಡ್ಡಿ ಹಾಕಿರ್ತಾರೆ. ಪಾತ್ರೆ ಉಜ್ಜು."

ತಮಾಷೆ ಮಾಡುತ್ತಿದ್ದೆ ನಿಜ, ಒಳಗೊಳಗೇ ನನಗೂ ಅದೇ ಭಯ.

ಕೊನೆಗೂ ಅವಳಿಗೆ ಬಿಡುಗಡೆ ಚೀಟಿ ಸಿಕ್ಕಿತು. ಅದಿದ್ದರೆ ಹೊರಗೆ ದುಡಿದು ತಿನ್ನಬಹುದು, ಮಗುವನ್ನೂ ಕೇಳಬಹುದು. ತಪ್ಪು ಸಿಕ್ಕಿದರೆ ಚೀಟಿ ಹೋಯಿತು, ಮತ್ತೆ ಸೆರೆಮನೆ. ಇಬ್ಬರೂ ಅನಾಥಶಾಲೆಗೆ ಹೋದೆವು. ಅಲ್ಲಿಯ ಮೇಲ್ವಿಚಾರಕಿ ಪುಸ್ತಕ ತಿರುವಿದಳು.

"ನೋರಾ ಅನ್ನೋ ಹುಡುಗಿ ಇಲ್ಲ. ಸತ್ತೋರ ಪಟ್ಟಿ ನೋಡ್ಲಾ?"

ಬಾಯಿ ಬಿಡಬೇಡವೆಂದು ನಾನು ಗೋಬ್ನೆಟ್‌ಳ ತೋಳು ಚಿವುಟಿದೆ. ಅವಳು ತೋಳು ಕೊಸರಿಕೊಂಡಳು.

"ನೋಡ್ಬೇಡಿ ಅಮ್ಮಾವ್ರೇ. ಅದು ಗಂಡು. ನಾನೇ ಸುಳ್ಳು ಬರೆಸ್ದೆ."

ಮೇಲ್ವಿಚಾರಕಿ ಚೀಟಿಗಾಗಿ ಕೈ ಚಾಚಿದಳು. ಗೋಬ್ನೆಟ್ ಚೀಟಿ ಕೊಟ್ಟುಬಿಟ್ಟಳು.

ಆರು ವರ್ಷದ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಒಂದೇ ಬಗೆಯ ಅಂಗಿ, ಬೋಳಿಸಿದ ತಲೆಗಳು. ಅವಳು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಹೆತ್ತವಳಿಗೆ ಗುರುತು ಸಿಗಲಿಲ್ಲ. ಹೆರಿಗೆ ಮಾಡಿಸಿದ ನನಗೂ ಸಿಗಲಿಲ್ಲ.

"ಬಂದಾಗ ಲಂಗ ಹಾಕ್ಕೊಂಡಿದ್ದೋನು ಯಾರೋ?" ಎಂದು ಮೇಲ್ವಿಚಾರಕಿ ಕೇಳಿದಳು.

ಸಾಲಿಡೀ ಕಿಸಕ್ಕೆಂದಿತು. "ಹೋಗೇ ಲಂಗದಮ್ಮಾ, ನಿನ್ನನ್ನೇ ಕರೀತಿರೋದು" ಎನ್ನುತ್ತ ಒಬ್ಬನನ್ನು ಮುಂದಕ್ಕೆ ನೂಕಿದರು. ಅವನು ಬಿದ್ದು, ಎದ್ದು, ಮೊಣಕಾಲು ಒರೆಸಿಕೊಂಡು ಅವಳನ್ನೇ ದಿಟ್ಟಿಸಿದ.

"ನಂಗೆ ಲಂಗ ಹಾಕಿದ್ದು ನೀನೇನಾ?"

"ಹೂಂ ಕಂದಾ."

"ಯಾಕೆ?"

"ನಿನ್ನನ್ನ ಯಾರೂ ಎತ್ಕೊಂಡು ಹೋಗ್ಬಾರ್ದು ಅಂತ."

ಹುಡುಗ ಹಿಂದಿರುಗಿ ಸಾಲಿನತ್ತ ನೋಡಿದ.

"ಎತ್ಕೊಂಡು ಹೋದ್ರಲ್ಲ" ಎಂದ.