ಎಣ್ಣೆ ಕುಡಿಸಿ ಎಂದವನು

ಕಡೂರಿನ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ನಾನು ಬಹಳ ವರ್ಷ ಸೆಕ್ರೆಟರಿಯಾಗಿದ್ದೆ. ಹಾಲು ಹಾಕಲು ಬಂದವರು ಹಸುವಿನ ಕಷ್ಟ ಹೇಳಿಕೊಂಡರೆ ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸುತ್ತಿದ್ದೆ: ಏನು ಮೇಯಿತು, ಸಗಣಿ ಹೇಗಿದೆ, ಮೆಲುಕು ಹಾಕುತ್ತಿದೆಯೇ, ಕರು ಹಾಕಿ ಎಷ್ಟು ದಿನ. "ಪೊಲೀಸ್ನೋರು ಕೇಳ್ದಂಗೆ ಕೇಳ್ತೀರಲ್ರೀ" ಎಂದು ನಗುತ್ತಿದ್ದರು. ಅಷ್ಟೆಲ್ಲ ಕೇಳಿದ ಮೇಲೂ ಎಷ್ಟೋ ಸಲ "ಡಾಕ್ಟ್ರಿಗೆ ತೋರ್ಸಿ" ಎಂದೇ ಕಳಿಸುತ್ತಿದ್ದೆ.

ನಿವೃತ್ತಿಯಾದ ಮೇಲೆ ಯಾರೋ ನನ್ನನ್ನು ಹಸು ಸಾಕುವವರ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಜನ ಅದರಲ್ಲಿದ್ದರು. ತರೀಕೆರೆ ಕಡೆಯ ಒಬ್ಬ ಪಶುವೈದ್ಯರೂ ಇದ್ದರು. ಒಬ್ಬರು ಕೇಳಿದರೆ ಹತ್ತು ಜನ ಹೇಳುವರು. ಮೊದಲು ಹೇಳಿದವರಿಗೆ ಕೈಮುಗಿದ ಚಿತ್ರಗಳ ಸಾಲು. ಆ ಚಿತ್ರಗಳ ರುಚಿ ನನಗೆ ಹತ್ತಿತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಗುಂಪಿನಲ್ಲಿ ಉತ್ತರ ಬರೆಯುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಂಪುರದ ಕಡೆಯ ಹೆಣ್ಣುಮಗಳೊಬ್ಬಳು ಫೋಟೋ ಹಾಕಿದಳು. ಹಸು ಕತ್ತು ಹೊರಳಿಸಿ ಮಲಗಿತ್ತು, ಹೊಟ್ಟೆ ಉಬ್ಬಿತ್ತು. "ಎದ್ದೇಳ್ತಿಲ್ಲ, ಏನ್ಮಾಡ್ಲಿ? ನಮಗಿರೋದೊಂದೇ ಹಸ." ಹೊಟ್ಟೆಯುಬ್ಬರ ಎಂದುಕೊಂಡೆ. ಬೇರೆಯವರು ಬರೆಯುವ ಮೊದಲೇ ಬರೆದುಬಿಟ್ಟೆ: ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ, ಗೊಟ್ಟದಲ್ಲಿ ಕುಡಿಸಿ. ದನಗಳಿಗೆ ಮದ್ದು ಕುಡಿಸುವ ಈ ಬಿದಿರಿನ ಕೊಳವೆ ನಮ್ಮ ಕಡೆ ಎಲ್ಲರ ಕೊಟ್ಟಿಗೆಯಲ್ಲೂ ಇರುತ್ತದೆ. ಕೈಮುಗಿದ ಚಿತ್ರಗಳು ಬಂದವು.

ಮುಕ್ಕಾಲು ಗಂಟೆಯ ನಂತರ ವೈದ್ಯರು ಬರೆದರು: "ಕರು ಹಾಕಿ ಎಷ್ಟು ದಿನ ಆಯ್ತು? ಏನೂ ಕುಡಿಸ್ಬೇಡಿ."

ಎರಡು ದಿನವಾಗಿತ್ತು, ಅಷ್ಟರಲ್ಲಿ ಎಣ್ಣೆ ಕುಡಿಸಿಯೂ ಆಗಿತ್ತು. ಅದು ಕರು ಹಾಕಿದ ಹೊಸತರಲ್ಲಿ ಕ್ಯಾಲ್ಸಿಯಂ ಇಳಿದು ಬರುವ ಹಾಲುಜ್ವರ. ಆ ಸ್ಥಿತಿಯಲ್ಲಿ ಹಸುವಿಗೆ ನುಂಗಲಾಗುವುದಿಲ್ಲ. ಬಾಯಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ನರಕ್ಕೆ ಕ್ಯಾಲ್ಸಿಯಂ ಕೊಟ್ಟಿದ್ದರೆ ಎದ್ದು ನಿಲ್ಲುತ್ತಿತ್ತೇನೋ. ಡೈರಿಯ ಬಾಗಿಲಲ್ಲಾಗಿದ್ದರೆ ಆ ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೆ. ವೈದ್ಯರು ಅಲ್ಲಿಗೆ ಹೋಗುವಷ್ಟರಲ್ಲಿ ಹಸು ಸತ್ತಿತ್ತು.

ಗುಂಪಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾಚಿಕೆ ತಡೆಯಲಾರದೆ ಮರುದಿನ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕರು ಅರಚುತ್ತಿತ್ತು. ಅವಳು ಕುರ್ಚಿ ಹಾಕಿದಳು, ಕಾಫಿ ಕೊಟ್ಟಳು.

"ತಪ್ಪು ನಂದಮ್ಮ. ಆ ಎಣ್ಣೆಯಿಂದ್ಲೇ ಹೋಯ್ತು" ಎಂದೆ.

ಅವಳು ಕರುವಿನ ಕಡೆ ನೋಡಿದಳು.

"ಕುಡಿಸ್ದೋಳು ನಾನಲ್ವಾ ಅಣ್ಣ. ಎರಡ್ನೇ ಗೊಟ್ಟಕ್ಕೇ ಕೆಮ್ಮಕ್ಕೆ ಶುರು ಮಾಡ್ತು, ಕಣ್ಣು ಮೇಲ್ ಮಾಡ್ತು. ಬ್ಯಾಡ ಅನ್ನುಸ್ತು ನಂಗೆ. ನೀವು ಅರ್ಧ ಲೀಟ್ರು ಅಂದಿದ್ರಲ್ಲ, ಅದ್ಕೇ ಬಾಯಿ ಬಿಗಿಯಾಗಿ ಹಿಡ್ಕೊಂಡು ಪೂರಾ ಕುಡಿಸ್ಬಿಟ್ಟೆ."