ಕುಬೇರಪ್ಪನ ಆಸ್ಟಿನ್ನೂ ಬುಡನಸಾಬನ ನಟ್ಟುಗಳೂ

ಶಲವಡಿಯ ಕಮ್ಮಾರ ಬುಡನಸಾಬನಷ್ಟು ಸಿಡುಕಿನ ಮನುಷ್ಯನನ್ನು ನಾನು ಕಂಡಿಲ್ಲ. ಕುಂಟೆಯ ಕುಡ ಮೊಂಡಾಯಿತೆಂದು ಹೋದರೆ, ‘ಹೊಲಾ ಹರಗತೀಯೋ, ಕಲ್ಲ ಒಡೀತೀಯೋ?’ ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದ. ಆದರೂ ಅವನ ಮೇಲೆ ನನಗೆ ಗೌರವವಿತ್ತು. ನನ್ನ ಸಿಟ್ಟೆಲ್ಲ ಕುಬೇರಪ್ಪನ ಕಾರಿನ ಮೇಲೆ.

ಊರಿನ ದೊಡ್ಡ ಜಮೀನುದಾರ ಕುಬೇರಪ್ಪ. ಅವನಪ್ಪ ಬ್ರಿಟಿಷರ ಕಾಲದಲ್ಲಿ ತಂದ ಕರಿ ಆಸ್ಟಿನ್ ಅದು. ಅದರ ಸದ್ದಿಗೆ ಬೆದರಿ ನನ್ನ ಎತ್ತುಗಳು ಎರಡು ಸಲ ಬಂಡಿ ಕೆಡವಿದ್ದವು. ಅದರ ಕಥೆಗಳಂತೂ ಸಾಕುಸಾಕಾಗಿದ್ದವು. ಇದರಲ್ಲಿ ಕಲೆಕ್ಟರ್ ಸಾಹೇಬರು ಕೂತಿದ್ದರು, ಇದು ತುಂಬಿದ ಬೆಣ್ಣೆಹಳ್ಳ ದಾಟಿತ್ತು ಎಂದು ಕುಬೇರಪ್ಪ ಕಟ್ಟೆಯ ಮೇಲೆ ಕೂತು ಕೊರೆಯುತ್ತಿದ್ದ. ವರ್ಷ ಕಳೆದಂತೆ ಆ ಹಳ್ಳದ ನೀರು ಮೊಳ ಮೊಳ ಏರುತ್ತಿತ್ತು. ಕಾರನ್ನು ಜೀವಂತ ಇಟ್ಟವನ ಹೆಸರು ಮಾತ್ರ ಒಂದು ಕಥೆಯಲ್ಲೂ ಬರಲಿಲ್ಲ.

ಇಟ್ಟವನು ಬುಡನಸಾಬ. ಬಿಡಿಭಾಗಗಳು ಎಲ್ಲೂ ಸಿಗದಾದಾಗ ಬ್ರೇಕಿನ ಸರಳು, ಸ್ಟೇರಿಂಗಿನ ಕೀಲು, ಬಾಗಿಲ ಚಿಲಕ, ಗಾಲಿಯ ನಟ್ಟು ಎಲ್ಲವನ್ನೂ ಕಾಸಿ ಬಡಿದು ಮಾಡಿದ. ನಮ್ಮಲ್ಲಿ ಕಮ್ಮಾರನಿಗೆ ಸುಗ್ಗಿಯಲ್ಲಿ ಜೋಳ ಅಳೆದು ಆಯ ಕೊಡುತ್ತೇವೆ. ವರ್ಷದ ಕೆಲಸವೆಲ್ಲ ಅದರಲ್ಲೇ ಬಂತು. ಕಬ್ಬಿಣ ಮಾತ್ರ ರೈತನೇ ತರಬೇಕು. ಕಾರೂ ಒಂದು ಬಂಡಿಯೇ ಎಂದು ಕುಬೇರಪ್ಪ ಅದನ್ನೂ ಆಯಕ್ಕೆ ಸೇರಿಸಿದ. ಕಬ್ಬಿಣ ಕೇಳಿದರೆ, ‘ನಿನ್ನ ಕಡೆ ಇದ್ದದ್ದರಾಗ ಮಾಡೋ’ ಎನ್ನುತ್ತಿದ್ದ. ಹದಿನೆಂಟು ವರ್ಷ ಹೀಗೇ ನಡೆಯಿತು.

೧೯೭೬ರ ಬೇಸಿಗೆಯಲ್ಲಿ ಆಸ್ಟಿನ್ ಕೊಳ್ಳಲೆಂದು ಪುಣೆಯಿಂದ ಒಬ್ಬ ಸಾಹೇಬ ಬಂದ. ಹಳೆಯ ಕಾರು ಕೂಡಿಹಾಕುವ ಹುಚ್ಚು ಅವನಿಗೆ. ಕಥೆಗಳನ್ನೆಲ್ಲ ಬಾಯಿ ತೆರೆದು ಕೇಳಿದ. ಬಾನೆಟ್ಟನ್ನು ಎಳೆಗರುವಿನ ಮೈಯಂತೆ ಸವರಿದ. ಬಾಗಿಲ ಚಿಲಕ ಕಂಡದ್ದೇ ಮೂಗು ಮುರಿದ. ತನಗೆ ಕಂಪನಿಯ ಮಾಲಷ್ಟೇ ಬೇಕು, ಈ ಹಳ್ಳಿಯ ಕಸವನ್ನೆಲ್ಲ ಈಗಲೇ ಕೀಳಿಸಿ ಎಂದ.

ಬುಡನಸಾಬನನ್ನು ಕರೆಸಿದರು. ಕಸ ಎಂಬ ಮಾತು ಕೇಳಿ ಅವನ ಮುಖ ಕಪ್ಪಿಟ್ಟಿತು.

‘ನಾ ಮಾಡಿದ್ದೆಲ್ಲಾ ತಗೀಲೇನ್ರಿ, ಸಾವಕಾರ್ರ?’

‘ಎಲ್ಲಾ ತಗಿ. ನಿಂದು ಒಂದೂ ಉಳೀಬಾರದು,’ ಎಂದ ಕುಬೇರಪ್ಪ.

‘ಕಬ್ಬಿಣ ನಂದು. ತಗದದ್ದು ನಾ ಒಯ್ತೀನಿ.’

‘ಒಯ್ಯಿ. ಆ ಕಸಾ ಯಾರಿಗೆ ಬೇಕಾಗೇತಿ?’

ಚಿಲಕ ಬಿಚ್ಚಿದ, ಬಾಗಿಲು ಜೋತುಬಿತ್ತು. ಬ್ರೇಕಿನ ಸರಳು ಎಳೆದ. ಸ್ಟೇರಿಂಗಿನ ಕೀಲು ತೆಗೆದದ್ದೇ ಮುಂದಿನ ಗಾಲಿಗಳು ಒಂದೊಂದು ದಿಕ್ಕಿಗೆ ಸೊಟ್ಟಗಾದವು. ಅಚ್ಚಿನ ಕೆಳಗೆ ಕಲ್ಲು ಕೊಟ್ಟು ನಟ್ಟು ಬಿಚ್ಚಿದಾಗ ಗಾಲಿ ಉರುಳಿ ನನ್ನ ಕಾಲ ಬಳಿ ಬಿತ್ತು. ಸಾಹೇಬ ಚೀರಿದ. ಹುಬ್ಬಳ್ಳಿ ಮುಟ್ಟುವವರೆಗಾದರೂ ನಟ್ಟು, ಕೀಲು ಇರಲಿ ಎಂದು ಅಂಗಲಾಚಿದ.

ಬುಡನಸಾಬ ಎಲ್ಲವನ್ನೂ ಟವಲಿನಲ್ಲಿ ಗಂಟು ಕಟ್ಟಿದ. ‘ಕಸಾ ಅದಾವ್ರಿ ಇವು. ನಿಮ್ಮ ಕಾರಿಗೆ ಮೈಲಿಗಿ ಆದೀತು.’

ಕೊನೆಗೆ ಇಪ್ಪತ್ತು ಜನ ಸೇರಿ ಆಸ್ಟಿನ್ನನ್ನು ನನ್ನ ಬಂಡಿಗೆ ಹೇರಿದರು. ಬಂಡಿಯ ಗಾಲಿಗೆ ಪಟ್ಟಿ ಕೂರಿಸಿದವನೂ ಬುಡನಸಾಬನೇ ಎಂದು ಅಣ್ಣಿಗೇರಿ ಸ್ಟೇಶನ್ನಿನವರೆಗೂ ಸಾಹೇಬನ ತಲೆ ಕೊರೆದೆ.

ಕುಬೇರಪ್ಪ ಆ ಸುಗ್ಗಿಗೆ ಆಯ ನಿಲ್ಲಿಸಿದ. ‘ನಾಕ ನಟ್ಟಿನ ಸಲುವಾಗಿ ವರ್ಷದ ಜ್ವಾಳಾ ಕಳದಿ!’ ಎಂದು ಹೆಂಡತಿ ಹಲೀಮಾಬಿ ಓಣಿಗೆಲ್ಲ ಕೇಳುವಂತೆ ಬೈದಳು. ಬುಡನಸಾಬ ಕುಲುಮೆ ಹೊತ್ತಿಸಿದ. ಅದೇ ಸರಳು, ಕೀಲುಗಳನ್ನು ಬಡಿದು ಕುಡಗೋಲು ಮಾಡಿದ.

ಮುಂದಿನ ಮುಂಗಾರಿಗೆ, ಹೊಲ ಹದಕ್ಕೆ ಬಂದ ದಿನವೇ, ಕುಬೇರಪ್ಪನ ಕುಡ ಮುರಿಯಿತು. ಆಳನ್ನು ಕಳಿಸದೆ ತಾನೇ ಕಬ್ಬಿಣ ಹೊತ್ತು ಕುಲುಮೆಗೆ ಬಂದ. ನಾನೂ ನನ್ನ ಕುಡ ತಂದು ಅಲ್ಲೇ ಕೂತಿದ್ದೆ.

‘ಎರಡ ವರ್ಷದ ಆಯ ಕೂಡೇ ಕೊಡತೀನಿ, ಬುಡನಸಾಬ. ಇದೊಂದು ಮಾಡಿಕೊಡು.’

ಬುಡನಸಾಬ ಕಬ್ಬಿಣ ಮುಟ್ಟಲಿಲ್ಲ. ‘ಹುಬ್ಬಳ್ಳ್ಯಾಗ ಕಂಪನಿದು ಸಿಗತೈತ್ರಿ.’

ಒಳಗಿನಿಂದ ಹಲೀಮಾಬಿ ನೀರಿನ ಕೊಡ ಹಿಡಿದು ಬಿರಬಿರನೆ ಬಂದಳು. ಗಂಡನಿಗೆ ಗದರುತ್ತಾಳೆ ಎಂದುಕೊಂಡೆ. ಅವಳು ಕೊಡದ ನೀರನ್ನೆಲ್ಲ ಕುಲುಮೆಯ ಕೆಂಡದ ಮೇಲೆ ಸುರಿದು, ಕುಬೇರಪ್ಪನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ನನ್ನ ಕುಡವೂ ಅಂದು ಮೊಂಡಾಗಿಯೇ ಉಳಿಯಿತು.