ಅವರು ನನ್ನ ಕೈಗೆ ಹೊರಿಸಿದ ವರ

ಪರ ಊರಿನ ಉಪದೇಶಕರು ನನ್ನ ತಲೆಯ ಮೇಲೆ ಕೈ ಇಟ್ಟಾಗ ಎಲ್ಲರೂ ಕಣ್ಣು ಮುಚ್ಚಿದ್ದರು. ನಾನೊಬ್ಬಳೇ ಮುಚ್ಚಿರಲಿಲ್ಲ. ಅವರ ಕಾಲುಚೀಲದ ಹೆಬ್ಬೆರಳಿನ ಹತ್ತಿರ ತೂತು ಬಿದ್ದಿತ್ತು, ಅದನ್ನೇ ನೋಡುತ್ತಿದ್ದೆ. ಊರೂರು ತಿರುಗುವ ಮನುಷ್ಯ, ಹೊಲಿದು ಕೊಡುವವರಿಲ್ಲ ಪಾಪ ಎಂದುಕೊಳ್ಳುತ್ತಿರುವಾಗಲೇ ಮೈಕಿನಲ್ಲಿ ಅವರ ಧ್ವನಿ ಕೇಳಿತು.

"ಈ ಸಹೋದರಿಗೆ ಕರ್ತನು ಗುಣಪಡಿಸುವ ವರ ಕೊಟ್ಟಿದ್ದಾನೆ. ಈ ಕೈಗಳು ಇನ್ನು ಮೇಲೆ ಸುಮ್ಮನಿರಬಾರದು!"

ಯಾರ ಕೈ ಎಂದು ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಬೋರ್ಡುಗಳ ಮೇಲೆ ಧಾರವಾಡ ಜಿಲ್ಲೆ ಎಂದಿದ್ದನ್ನು ಅಳಿಸಿ ಬರೆದ ಬಣ್ಣ ಇನ್ನೂ ಹೊಳೆಯುತ್ತಿತ್ತು. ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಾನು ಸೊರಟೂರಿನ ಶಾಲೆಯಲ್ಲಿ ಕಲಿತಷ್ಟು ಕಲಿತು ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ನಮ್ಮ ಕ್ರೈಸ್ತ ಸಭೆಯಲ್ಲಿ ಹೆಂಗಸರ ಕಡೆಯ ಕೊನೆಯ ಚಾಪೆ ನನ್ನದು, ಚಪ್ಪಲಿ ಬಿಡುವ ಬಾಗಿಲಿನ ಹತ್ತಿರ. ಹಾಡುವಾಗಲೂ ಪಕ್ಕದವರಿಗೆ ಕೇಳದ ಹಾಗೆ ಹಾಡುತ್ತಿದ್ದೆ.

ಆ ವಾರ ನಮ್ಮಲ್ಲಿ ವಿಶ್ವಾಸಕ್ಕೆ ಹೊಸ ಚೈತನ್ಯ ತರಲೆಂದು ಉಜ್ಜೀವನ ಕೂಟಗಳು ನಡೆದಿದ್ದವು. ಬಂದ ಉಪದೇಶಕರು ದಿನವೂ ಆತ್ಮಿಕ ವರಗಳ ಬಗ್ಗೆಯೇ ಹೇಳಿದರು. ಪವಿತ್ರಾತ್ಮನು ಸಭೆಯ ಒಬ್ಬೊಬ್ಬರಿಗೆ ಒಂದೊಂದು ವರ ಕೊಡುತ್ತಾನೆ, ಒಬ್ಬರಿಗೆ ಬೋಧಿಸುವುದು, ಒಬ್ಬರಿಗೆ ಪ್ರವಾದಿಸುವುದು, ಒಬ್ಬರಿಗೆ ರೋಗ ಗುಣಪಡಿಸುವುದು, ಒಬ್ಬರಿಗೆ ಬರೀ ಉಪಕಾರ ಮಾಡುವುದು ಎಂದರು. ನಾನು ಮನಸ್ಸಿನಲ್ಲೇ ಆ ಕೊನೆಯದನ್ನು ಆರಿಸಿಕೊಂಡು ಸಮಾಧಾನವಾಗಿದ್ದೆ. ಕೂಟಕ್ಕೆ ಬಂದವರಿಗೆ ಚಹಾ ಕಾಸಿ ಕೊಡುತ್ತಿದ್ದವಳು ನಾನೇ. ಕೊನೆಯ ದಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಮುಂದೆ ಕರೆದರು. ಹೋಗದಿದ್ದರೆ ಎಲ್ಲರೂ ನೋಡುತ್ತಾರೆಂದು ಹೋದೆ.

ಹಿಂದಿರುಗಿ ಚಾಪೆಗೆ ಬಂದಾಗ ಜನ ನನಗೆ ಜಾಗ ಬಿಟ್ಟು ಸರಿದು ಕೂತರು. ಅದು ನನಗೆ ಇನ್ನೊಂದು ಪೆಟ್ಟು. ಇದೇ ಚಾಪೆಯ ಮೇಲೆ ಮೊಣಕೈ ತಾಗಿಸಿಕೊಂಡು ಕೂಡುತ್ತಿದ್ದವರು ಅವರೆಲ್ಲ. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅವು ಎಂಥ ಕೈಗಳೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಮನೆಗೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ನನ್ನ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ತಮ್ಮನ ಹೆಂಡತಿ, ನೀವು ಸಣ್ಣಾಯಿ ಎಂದು ಕರೆಯುವವಳು, ಹಿಂದಿನಿಂದ ಬಂದು ನನ್ನ ಬಲಗೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಮೊದಲು ನನಗ ಮಾಡಕ್ಕಾ. ಮನಿಯವರಿಗೆ ಬಿಟ್ಟು ಊರವರಿಗೆ ಮಾಡ್ತಿಯೇನ?"

ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮೊದಲೆಲ್ಲ ಮೈದುನ ಹುಬ್ಬಳ್ಳಿಗೆ ಹೋಗಿ ಗುಳಿಗೆ ತರಬೇಕಾಗಿತ್ತು. ಬಸ್ಸು ತಪ್ಪಿದರೆ, ಮಗ್ಗದ ಕೆಲಸ ಅಡ್ಡ ಬಂದರೆ, ಗುಳಿಗೆಯೂ ತಪ್ಪುತ್ತಿತ್ತು, ಅವಳು ಬೀಳುತ್ತಿದ್ದಳು. ಜಿಲ್ಲೆಯಾದ ಮೇಲೆ ಗದಗಿನಲ್ಲೇ ಡಾಕ್ಟರು ಸಿಕ್ಕಿದ್ದರು. ಅಲ್ಲಿಂದ ಈಚೆಗೆ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಕರ್ತನೇ, ಈಕೆಯನ್ನು ಕಾಯಿ ಎಂದು ದಿನವೂ ಕೇಳಿಕೊಳ್ಳುವುದನ್ನೇ ಅಂದೂ ಕೇಳಿಕೊಂಡೆ. ಬೇರೇನೂ ಹೇಳಲಿಲ್ಲ.

ಬೆಳಿಗ್ಗೆ ಎದುರು ಮನೆಯ ಬಳೆ ವ್ಯಾಪಾರದ ಮುಸ್ಲಿಂ ಹೆಂಗಸು ಮೊಮ್ಮಗನನ್ನು ಎತ್ತಿಕೊಂಡು ಕಟ್ಟೆಗೆ ಬಂದಳು. ಕೂಸಿಗೆ ಕೆಮ್ಮು.

"ಅಕ್ಕಾರ, ನಿಮ್ಮ ಕೈಯಾಗ ಏನೋ ಬಂದೈತಂತಲ್ಲರಿ. ಇವನ ತಲಿ ಮ್ಯಾಲೆ ಒಂದೀಟ ಇಡ್ರಿ."

"ಯಾರು ಹೇಳಿದ್ರು ನಿಮಗ? ದವಾಖಾನಿಗೆ ತೋರಿಸಿರೇನ?"

"ಅಲ್ಲಿಂದನ ಬಂದೀನ್ರಿ. ಬಾಟ್ಲಿ ಕೊಟ್ಟಾರ. ಅದೂ ಇರಲಿ, ಇದೂ ಇರಲಿ."

ಅವಳ ಮಾತಿಗೆ ನನಗೆ ನಗು ಬಂತು. ಕೂಸಿನ ತಲೆ ಮುಟ್ಟಿ ಕಳಿಸಿದೆ. ಎಲ್ಲರೂ ಅವಳ ಹಾಗೆ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ದೇವರಿಂದ ಉಪಕಾರ ಹೊಂದಿದವರು ಎದ್ದು ನಿಂತು ಸಭೆಯ ಮುಂದೆ ಹೇಳುವುದು ನಮ್ಮ ರೂಢಿ. ನೆಗೆಣ್ಣಿ ಎದ್ದಳು. ಹೊಸ ಸೀರೆ ಉಟ್ಟಿದ್ದಳು, ಅದನ್ನು ನಾನು ಆಗಲೇ ಗಮನಿಸಿದ್ದು.

"ನಮ್ಮಕ್ಕನ ಕೈಲೆ ಪ್ರಾರ್ಥನಾ ಮಾಡಿಸಿಕೊಂಡೆ. ನನ್ನ ಮೂರ್ಛಿ ರೋಗ ಹೋಗೇತಿ. ಇನ್ನ ನನಗ ಗುಳಿಗಿ ಬ್ಯಾಡಂತ ಎಲ್ಲಾ ಗಟಾರಕ್ಕ ಚೆಲ್ಲಿ ಬಂದೀನಿ. ದೇವರಿಗೆ ಸ್ತೋತ್ರ!"

"ಸ್ತೋತ್ರ!" ಎಂದು ಇಡೀ ಸಭೆ ಕೂಗಿತು. ಪಕ್ಕದವಳು ಸಂತೋಷದಿಂದ ನನ್ನ ಬೆನ್ನು ತಟ್ಟಿದಳು.

ಮನೆಯ ದಾರಿಯಲ್ಲಿ ಅವಳನ್ನು ತಡೆದು ನಿಲ್ಲಿಸಿದೆ. "ಖರೇನ ಚೆಲ್ಲಿದಿಯೇನಲೇ?"

"ಚೆಲ್ಲದಿದ್ರ ಅದೆಂಥಾ ವಿಶ್ವಾಸಕ್ಕಾ?"

"ಯಾರನ್ನ ಕೇಳಿ ಚೆಲ್ಲಿದಿ? ನನ್ನ ಕೇಳಿದೇನ?"

"ನಿನ್ನ ಕೈ ಮ್ಯಾಲೆ ನಿನಗ ನಂಬಿಕಿ ಇಲ್ಲಲ್ಲ! ಸಂಶಯ ಮಾಡಿದ್ರ ಬಂದ ವರ ತಿರುಗಿ ಹೋಗತೈತಿ ಅಂತ ಆ ಉಪದೇಶಕರ ಹೇಳ್ಯಾರ. ನೀ ಸುಮ್ಮನಿದ್ದರ ಸಾಕು."

ನಾನು ಸುಮ್ಮನಾದೆ. ಜೀವನವಿಡೀ ಸುಮ್ಮನಿದ್ದು ರೂಢಿಯಾಗಿತ್ತು. ಮೈದುನನಿಗೆ ಹೇಳೋಣವೆಂದರೆ ಅವನು ಸೀರೆಗಳ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರದ ಅಂಗಡಿಗಳಿಗೆ ಹೋಗಿದ್ದ.

ನಮ್ಮಿಬ್ಬರ ಅಡಿಗೆಮನೆಗಳ ನಡುವೆ ಒಂದೇ ಗೋಡೆ. ಅವಳು ರೊಟ್ಟಿ ಬಡಿದರೆ ನನ್ನ ಡಬ್ಬಿಗಳು ಅಲುಗಾಡುತ್ತಿದ್ದವು. ಆ ವಾರದ ಒಂದು ಬೆಳಿಗ್ಗೆ ಕಂಡಿಕೆ ಸುತ್ತುತ್ತ ಕೂತಿದ್ದೆ. ಬಡಿಯುವ ಸಪ್ಪಳ ರೊಟ್ಟಿಯ ನಡುವೆಯೇ ನಿಂತುಬಿಟ್ಟಿತು. ರೊಟ್ಟಿ ಮುಗಿದಾಗ ನಿಲ್ಲುವ ರೀತಿಯೇ ಬೇರೆ. ರಾಟೆ ಬಿಟ್ಟು ಓಡಿದೆ.

ಅವಳು ಒಲೆಯ ಮುಂದೆ ಬಿದ್ದಿದ್ದಳು. ಮೈ ಸೆಟೆದು ನಡುಗುತ್ತಿತ್ತು. ಬಲ ಮುಂಗೈ ಕಾದ ಹಂಚಿನ ಮೇಲೆ ಇತ್ತು. ರೊಟ್ಟಿ ಸೀದ ವಾಸನೆ ಎಂದುಕೊಂಡೆ ಮೊದಲು. ಅದು ರೊಟ್ಟಿಯದಾಗಿರಲಿಲ್ಲ. ಆ ವಾಸನೆ ನೆನಪಾದರೆ ಈ ವಯಸ್ಸಿನಲ್ಲೂ ನನಗೆ ಊಟ ಸೇರುವುದಿಲ್ಲ.

ಎಳೆದು ಈಚೆಗೆ ಹಾಕಿದೆ, ಮಗ್ಗುಲಾಗಿ ಮಲಗಿಸಿದೆ, ಕೈಗೆ ತಣ್ಣೀರು ಸುರಿದೆ. ನಡುಕ ನಿಂತು ಎಚ್ಚರ ಬಂದಾಗ ಅವಳು ಮೊದಲು ಕೇಳಿದ್ದು ಕೈಯ ಬಗ್ಗೆ ಅಲ್ಲ.

"ಅಕ್ಕಾ, ಯಾರರೇ ನೋಡಿದ್ರೇನ?"

"ನಿನ್ನ ಕೈ ನೋಡಲೇ ಹುಚ್ಚಿ!"

"ಯಾರಿಗೂ ಹೇಳಬ್ಯಾಡ. ಸಭಾದಾಗ ಸಾಕ್ಷಿ ಹೇಳೀನಿ. ಈಗ ಗುಳಿಗಿ ತಗೊಂಡ್ರ ದೇವರನ್ನ ಸುಳ್ಳುಗಾರನ ಮಾಡಿದಂಗ ಆಗತೈತಿ. ಒಲಿಯಾಗ ಬಿದ್ದು ಸತ್ರೂ ಚಿಂತಿಲ್ಲ, ಸಾಕ್ಷಿ ಹಿಂದಕ್ಕ ತಗೊಳ್ಳಂಗಿಲ್ಲ."

ಅವಳ ಸುಟ್ಟ ಕೈ ನೋಡಿ ಆದದ್ದಕ್ಕಿಂತ ಹೆಚ್ಚಿನ ಗಾಬರಿ ಆ ಮಾತು ಕೇಳಿ ಆಯಿತು. ಅವಳು ಬಾಯಿಮಾತಿಗೆ ಹೇಳಿರಲಿಲ್ಲ. ನಮ್ಮ ಸಭೆಯಲ್ಲಿ ಒಬ್ಬರು ಕುಡಿತ ಬಿಟ್ಟೆನೆಂದು ಸಾಕ್ಷಿ ಹೇಳಿ, ಮತ್ತೆ ಕುಡಿದು, ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಟ್ಟಿದ್ದರು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ದವಾಖಾನೆಗೆ ಬಂದಳು, ಸುಟ್ಟದ್ದಕ್ಕೆ ಪಟ್ಟಿ ಕಟ್ಟಿಸಿಕೊಂಡಳು. ಕಾಲು ಜಾರಿತು ಎಂದು ಡಾಕ್ಟರಿಗೆ ಹೇಳಿದಳು. ಗುಳಿಗೆಯ ಮಾತು ಎತ್ತಲು ನನ್ನನ್ನು ಬಿಡಲಿಲ್ಲ.

ಅಂದೇ ನಾನು ಪಾಸ್ಟರ ಮನೆಗೆ ಹೋದೆ. ಒಬ್ಬಳೇ ಹೋದದ್ದು ಅದೇ ಮೊದಲು. ಅವರು ಅಂಗಳದಲ್ಲಿ ಸೈಕಲ್ಲು ತಲೆಕೆಳಗು ಮಾಡಿ ಚೈನು ಹಾಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಎಣ್ಣೆಗೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು.

"ವರ ಕೊಡೋದು ಖರೆ ಯವ್ವಾ," ಅಂದರು. "ಆದ್ರ ಯಾರರೇ ಆತ್ಮದ ಹೆಸರಿಲೆ ಒಂದು ಮಾತು ಹೇಳಿದ್ರ ಅದನ್ನ ಸಭಾ ಪರೀಕ್ಷಾ ಮಾಡಬೇಕಂತನೂ ಶಾಸ್ತ್ರದಾಗ ಐತಿ. ಅದನ್ನ ನಾವು ಮಾಡಲಿಲ್ಲ. ಬಂದ ಅತಿಥಿ ಅಂತ ನಾನೂ ಸುಮ್ಮನ ಕುಂತೆ."

"ಹಂಗಾದ್ರ ಬರೋ ಆಯ್ತಾರ ನೀವ ಹೇಳಿಬಿಡ್ರಿ."

"ನಾ ಹೇಳಿದ್ರ ವಾದ ಆಗತೈತಿ. ಅರ್ಧ ಮಂದಿ ಅವರ ಕಡೆ, ಅರ್ಧ ಮಂದಿ ನನ್ನ ಕಡೆ. ವರ ಐತಿ ಅಂದದ್ದು ನಿಮ್ಮ ಕೈಗೆ. ನೀವು ಹೇಳಿದ್ರ ಸಾಕ್ಷಿ ಆಗತೈತಿ."

"ನನಗ ನಾಲ್ಕು ಮಂದಿ ಮುಂದ ಮಾತ ಬರಂಗಿಲ್ಲರಿ."

"ಗೊತ್ತೈತಿ," ಅಂದರು. ಮತ್ತೆ ಚೈನಿಗೆ ಕೈ ಹಾಕಿದರು. ಅವರು ಒತ್ತಾಯ ಮಾಡಿದ್ದರೆ ನಾನು ಹೇಳುತ್ತಿರಲಿಲ್ಲವೇನೋ.

ಭಾನುವಾರ ನೆಗೆಣ್ಣಿ ಪಟ್ಟಿ ಕಾಣದ ಹಾಗೆ ಸೆರಗು ಹೊದ್ದುಕೊಂಡು ಮುಂದಿನ ಚಾಪೆಯಲ್ಲಿ ಕೂತಳು. ಸಾಕ್ಷಿಯ ಹೊತ್ತು ಬಂತು. ನಾನು ಎದ್ದೆ. ಎದ್ದದ್ದು ನನಗೇ ನಂಬಿಕೆಯಾಗಲಿಲ್ಲ. ಗಂಡಸರ ಕಡೆಯವರು ಇನ್ನೇನು ಅದ್ಭುತ ಕೇಳುತ್ತೇವೆಂದು ಹಿಂದಕ್ಕೆ ತಿರುಗಿದರು.

"ನನಗ ವರ ಬಂದೈತಿ ಅಂದ್ರು," ಎಂದೆ. ಪಕ್ಕದವರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ. "ಹೋದ ವರ್ಷ ಮುಂಡರಗಿ ಸಂತಿ ಮುಗಿಸಿ ಬರೋವಾಗ ಟೆಂಪೋದಾಗ ನಮ್ಮ ಯಜಮಾನರಿಗೆ ಎದಿನೋವು ಬಂತು. ಗದಗ ಮುಟ್ಟೋತನಕಾ ಈ ಕೈ ಅವರ ಎದಿ ಮ್ಯಾಲನ ಇತ್ತು. ಪ್ರಾರ್ಥನಾ ಬಿಡಲಿಲ್ಲ, ಕೈ ತಗೀಲಿಲ್ಲ. ಊರಿನ ದೀಪ ಕಾಣೂದ್ರಾಗ ಕೈ ಕೆಳಗ ಎದಿ ನಿಂತುಬಿಡ್ತು."

ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಪ್ಪನಿಗೂ ಹೇಳಿರಲಿಲ್ಲ. ದಾರಿಯಲ್ಲಿ ತೀರಿಕೊಂಡರು ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು.

"ರೋಗ ವಾಸಿ ಮಾಡೋ ವರ ಈ ಕೈಗೆ ಇದ್ದಿದ್ರ ಅವರು ಇವತ್ತು ಆ ಕಡೆ ಚಾಪಿ ಮ್ಯಾಲೆ ಕುಂತಿರ್ತಿದ್ರು. ದೇವರು ಕೇಳಲಿಲ್ಲ ಅಂತ ನಾ ಅನ್ನಂಗಿಲ್ಲ. ಆತ ಯಾಕ ಹಂಗ ಮಾಡಿದ ನನಗ ಗೊತ್ತಿಲ್ಲ. ಆದ್ರ ನನ್ನ ಕೈ ನಂಬಿ ಯಾರೂ ಗುಳಿಗಿ ಚೆಲ್ಲಬ್ಯಾಡ್ರಿ. ಕಾಲ ಬೀಳ್ತೀನಿ."

ರೂಢಿಯ ಮೇಲೆ ಒಬ್ಬ ಹಿರಿಯರು "ಸ್ತೋತ್ರ" ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಮುಂದಿನ ಚಾಪೆಯಿಂದ ನೆಗೆಣ್ಣಿ ಎದ್ದು ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ಹಂಗಾದ್ರ ನಾ ಹೇಳಿದ್ದು ಸುಳ್ಳೇನಕ್ಕಾ? ಇಷ್ಟು ಮಂದ್ಯಾಗ ಹೇಳು."

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಸುಳ್ಳಲ್ಲಲೇ. ಆತ ನಿನ್ನ ಕಾಯ್ದದ್ದು ಖರೆ. ಗುಳಿಗಿ ಕೊಟ್ಟು ಕಾಯ್ದಾನ. ಅದನ್ನ ನಾವು ಗಟಾರಕ್ಕ ಚೆಲ್ಲಿದ್ವಿ."

ಇನ್ನು ಇವಳು ಈ ಜನ್ಮದಲ್ಲಿ ನನ್ನೊಡನೆ ಮಾತಾಡುವುದಿಲ್ಲ ಎಂದುಕೊಂಡೆ. ಆಮೇಲೆ ಅವಳು ಸೆರಗು ಸರಿಸಿ, ಪಟ್ಟಿ ಕಟ್ಟಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದಳು.

"ಬಿದ್ದೀನಿ. ಒಲಿ ಮುಂದ ಬಿದ್ದೀನಿ," ಎಂದಳು. "ಇದೂ ನನ್ನ ಸಾಕ್ಷಿ."

ಪಾಸ್ಟರು ಉಪದೇಶ ಮಾಡಲು ಎದ್ದವರು ಮಾಡಲಿಲ್ಲ. ಹಾಡು ಹೇಳಿ ಮುಗಿಸಿದರು.

ಆ ಉಪದೇಶಕರ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಮತ್ತೆ ನಮ್ಮ ಕಡೆ ಬರಲಿಲ್ಲ. ನನ್ನ ಕೈಗೆ ಯಾವ ವರ ಇದೆ, ಇದೆಯೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಎದುರು ಮನೆಯ ಆ ಕೂಸು ಈಗ ಮೀಸೆ ಬಂದ ಹುಡುಗ. ನನ್ನ ಕೈಗುಣದಿಂದಲೇ ಅವನು ಉಳಿದ ಎಂದು ಅವನ ಅಜ್ಜಿ ಈಗಲೂ ಹೇಳುತ್ತಾಳೆ. ಬಾಟ್ಲಿ ಔಷಧವನ್ನೂ ಪೂರ್ತಿ ಕುಡಿಸಿದ್ದಳು.

ಆ ಭಾನುವಾರ ಮನೆಗೆ ಬರುವ ದಾರಿಯಲ್ಲಿ ನೆಗೆಣ್ಣಿ ನನ್ನಿಂದ ದೂರ ನಡೆದಳು. ಲಕ್ಷ್ಮೇಶ್ವರದಿಂದ ಬಂದಿದ್ದ ಮೈದುನ ಮರುದಿನ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ಸಂಜೆ ಅವಳು ನಮ್ಮ ಕಟ್ಟೆಗೆ ಬಂದು ಕೂತಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಪಟ್ಟಿ ಕಟ್ಟಿದ ಕೈಯಲ್ಲಿ ಒಂದು ಬಿಳಿ ಗುಳಿಗೆ.

"ತಗೋ. ಇದರ ಮ್ಯಾಲೆ ಕೈ ಇಡು."

"ಗುಳಿಗಿ ಮ್ಯಾಲೆ?"

"ನನ್ನ ತಲಿ ಮ್ಯಾಲೆ ಇಟ್ಟು ನೋಡಿದ್ವಲ್ಲ. ಈಗ ಇದರ ಮ್ಯಾಲೆ ಇಟ್ಟು ನೋಡೂಣು."

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಅಂದಿನಿಂದ ಅವಳು ಸಂಜೆಯ ಗುಳಿಗೆಯನ್ನು ನನ್ನ ಮುಂದೆ ಹಿಡಿಯದೆ ನುಂಗಿಲ್ಲ. ಅದನ್ನು ನೋಡಿ ನೀವು ಬಿದ್ದು ಬಿದ್ದು ನಗುತ್ತೀರಿ. ನಗಿರಿ. ಆದರೆ ನಾನು ಕೈ ಇಟ್ಟು ಕಣ್ಣು ಮುಚ್ಚಿದಾಗ ಕೆಲವು ದಿನ ಅಂಗೈ ಕೆಳಗೆ ಗುಳಿಗೆ ಇರುವುದಿಲ್ಲ, ಟೆಂಪೋದ ಕುಲುಕಾಟ ಇರುತ್ತದೆ, ನಿಮ್ಮ ಅಜ್ಜನ ಅಂಗಿಯ ಗುಂಡಿ ಇರುತ್ತದೆ. ಆಗ ಕೈ ತೆಗೆಯಲು ನನಗೆ ಆಗುವುದಿಲ್ಲ. ಅವಳೇ ಮೊಣಕೈಯಿಂದ ತಿವಿಯುತ್ತಾಳೆ.

"ಆಮೆನ್ ಅನ್ನಕ್ಕಾ. ಒಲಿ ಮ್ಯಾಲೆ ಹಂಚು ಇಟ್ಟು ಬಂದೀನಿ."